ಕೆಂಪು ಕೆನ್ನೆಯ ಹೆಣ

ಇದು ಅದೇ ಬಣ್ಣವಾ? ಇಲ್ಲಾ, ಕಿಟಕಿಯಾಚೆಯ ಹಿಮದ ಬೆಳಕು ಕಣ್ಣಿಗೆ ಮೋಸ ಮಾಡುತ್ತಿದೆಯಾ? ಇಯೊರ್ಗು ಹೆಣವನ್ನು ಇನ್ನೊಮ್ಮೆ ಮಗ್ಗುಲಿಗೆ ಹೊರಳಿಸಿದ. ಸತ್ತವರ ಬೆನ್ನಿಗಿಳಿದ ರಕ್ತ ನೇರಳೆಯಾಗಿರಬೇಕು. ಈ ತುದೊರನ ಬೆನ್ನು ಮಾಗಿದ ಚೆರ್ರಿಯ ಹಾಗಿತ್ತು. ಇಪ್ಪತ್ತು ವರ್ಷ ಹೆಣ ಕೊಯ್ದ ಕೈ, ಒಲೆಯ ಹೊಗೆ ಕುಡಿದು ಸತ್ತವರ ಬಣ್ಣ ಇದು ಎಂದಿತು. ತಲೆ, ನಿನಗ್ಯಾಕೆ ಎಂದಿತು.

"ಏನ್ಲಾ ಜಿಪ್ಸಿ ಸೂಳೆಮಗನೆ, ನಿದ್ದೆ ಹೊಡೀತಿದೀಯಾ? ಕೂಗು!"

ಡಾಕ್ಟರ್ ಸ್ಟೊಯಾನ್ ಹೆಣದ ಕೋಣೆಗೆ ಕಾಲಿಡುವವರಲ್ಲ. ಪಕ್ಕದ ಕೋಣೆಯಲ್ಲಿ ಕಾಫಿ ಹೀರುತ್ತ ಕೂರುತ್ತಾರೆ. ಇಯೊರ್ಗು ಕೊಯ್ದು, ಕಂಡದ್ದನ್ನು ಬಾಗಿಲಿನಿಂದ ಕೂಗುತ್ತಾನೆ. ಅವರು ಟೈಪು ಮಾಡುತ್ತಾರೆ. ಇವತ್ತು ಕತ್ತಿ ಎದೆಗೆ ತಾಗುವ ಮೊದಲೇ ವರದಿ ಮುಗಿದು ಟೈಪಿನ ಸದ್ದು ನಿಂತಿತ್ತು.

"ರಕ್ತ ವಿಪರೀತ ಕೆಂಪಗೈತೆ ಡಾಕ್ಟ್ರೇ."

"ಇನ್ನೇನು ಹಸಿರಾಗಿರ್ತದಾ? ಮುಂದಕ್ಕೆ."

"ಹೊಟ್ಟೇಲಿ ಜೋಳದ ಮುದ್ದೆ, ಈರುಳ್ಳಿ. ಸಾರಾಯಿ ವಾಸ್ನೆ ಇಲ್ಲ."

"ಕುಡಿದು ಎದೆ ನಿಂತೋಯ್ತು ಅಂತ ಬರ್ದಾಗದೆ. ಈಗ ಅವನ್ಗೆ ಕುಡಿಸಕ್ಕಾಗ್ತದಾ? ಹೊಲಿ."

"ಒಂದ್ ಸೀಸೆ ರಕ್ತ ಪಟ್ಟಣದ ಲ್ಯಾಬಿಗೆ..."

"ಲ್ಯಾಬು ನಿಮ್ಮಪ್ಪ ಕಟ್ಸಿದ್ನಾ? ನಿನ್ ಜೊತೆ ಕೊಯ್ತಿದ್ದೋನೂ ಸೀಸೆ, ಸೀಸೆ ಅಂತಿದ್ದ. ಈಗೆಲ್ಲವ್ನೆ?"

ಎಲ್ಲಿದ್ದಾನೆಂದು ಇಯೊರ್ಗುವಿಗೆ ಗೊತ್ತು. ಡಾಕ್ಟರೂ ಮಾತು ಮೀರದ ಊರ ಧಣಿ ಬರ್ಬುವಿನ ಅಣಬೆ ಬೆಳೆಯುವ ಶೆಡ್ಡಿನಲ್ಲಿ, ಗೊಬ್ಬರಕ್ಕೆ ಕುದುರೆ ಲದ್ದಿ ಬಾಚುತ್ತಿದ್ದಾನೆ. ತುದೊರನೂ ಅದೇ ಶೆಡ್ಡಿನ ಆಳು. ರಾತ್ರಿ ಕಾವಲಿಗೆಂದು ಕಿಟಕಿಯಿಲ್ಲದ ಹಿಂದಿನ ಕೋಣೆಯಲ್ಲಿ ಕಬ್ಬಿಣದ ಒಲೆ ಹಚ್ಚಿಕೊಂಡು ಒಬ್ಬನೇ ಮಲಗುತ್ತಿದ್ದ.

ಹೊಲಿದು, ತೊಳೆದು, ಕುತ್ತಿಗೆಯವರೆಗೆ ಬಟ್ಟೆ ಹೊದಿಸುವ ಹೊತ್ತಿಗೆ ಬರ್ಬು ಬಂದ. ಹಿಂದೆ ತುದೊರನ ಹೆಂಡತಿ ಸಾಫ್ತ, ಗಂಡನ ಮದುವೆಯ ಅಂಗಿಯನ್ನು ಎದೆಗೊತ್ತಿಕೊಂಡು.

ಬರ್ಬು ಟೊಪ್ಪಿ ತೆಗೆದ. "ನೋಡಮ್ಮ, ಹೆಂಗವ್ನೆ! ನನ್ನ ಅನ್ನ ತಿಂದ ಕೆನ್ನೆ ಅದು. ನಮ್ಮ ಪಾದ್ರಿಗೂ ಇಲ್ಲ ಈ ಕಳೆ."

ಸಾಫ್ತ ಕೆನ್ನೆ ಮುಟ್ಟಿ ಇಯೊರ್ಗುವಿನತ್ತ ತಿರುಗಿದಳು. "ಬಣ್ಣ ಬಳಿದ್ಯಾ ಅಣ್ಣ?"

"ಇಲ್ಲಮ್ಮ."

"ಹಂಗಾದ್ರೆ ಸುಖವಾಗಿ ಹೋಗವ್ನೆ." ಅವಳು ಶಿಲುಬೆಯ ಗುರುತು ಹಾಕಿಕೊಂಡಳು. ಅವಳ ಊರಿನ ಹೆಂಗಸರು ಹೆಣದ ಮುಖ ನೋಡಿಯೇ ಆತ್ಮ ಹೋದ ದಾರಿ ಹೇಳುತ್ತಾರೆ: ಕಪ್ಪಿಟ್ಟರೆ ಜಗಳವಾಡಿ ಹೋಯಿತು, ಕೆಂಪಗಿದ್ದರೆ ನಗುತ್ತ ಹೋಯಿತು.

ಮೂಗಿಗೆ ಕರವಸ್ತ್ರ ಹಿಡಿದು ಬಾಗಿಲಲ್ಲಿ ನಿಂತ ಡಾಕ್ಟರು, "ಪುಣ್ಯವಂತ" ಎಂದರು.

"ಧಣಿ ದೊಡ್ಮನಸ್ಸು ಮಾಡವ್ರೆ ಅಣ್ಣ," ಸಾಫ್ತ ಕಣ್ಣೊರೆಸಿಕೊಂಡಳು. "ಇವ್ನ ಜಾಗ ನನ್ ತಮ್ಮಂಗೆ ಕೊಟ್ಟವ್ರೆ. ಇವತ್ತಿಂದ ಆ ಕೋಣೇಲೇ ಮಲಗ್ತಾನೆ. ಬೆಚ್ಚಗಿರ್ತದಂತೆ."

"ನಿನ್ ತಮ್ಮಂಗೆ..." ಇಯೊರ್ಗು ಬಾಯಿ ತೆರೆದ.

ಡಾಕ್ಟರು ಕೆಮ್ಮಿದರು. ಬರ್ಬು ಟೊಪ್ಪಿ ಹಾಕಿಕೊಂಡು, ಇಯೊರ್ಗುವಿನ ಕೈಗಳನ್ನು ನೋಡಿದ, ಸಂತೆಯಲ್ಲಿ ಎತ್ತಿನ ಹೆಗಲು ನೋಡುವ ಹಾಗೆ.

"ಏನಣ್ಣ?"

"ತೋಳು ಬಗ್ಗಾಕಿಲ್ಲ ಕಣಮ್ಮ. ಅಂಗಿ ಬೆನ್ನು ಸೀಳ್ಬೇಕು. ಆಗ ತೊಡ್ಸೋದು ಸಲೀಸು."

"ಮದ್ವೆ ಅಂಗಿ ಅಣ್ಣ..."

ಅವನು ಸೀಳಿದ. ಮುಂದಿನಿಂದ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಗುಂಡಿ ಹಾಕಿದ, ಕಾಲರು ನೆಟ್ಟಗೆ ಮಾಡಿದ. ಹೆಣವನ್ನು ಗಾಡಿಗೇರಿಸಲು ಹೆಗಲು ಕೊಟ್ಟ. ಸಾಫ್ತ ಅವನ ಕೈಗೆ ಮುತ್ತಿಟ್ಟು ಗಾಡಿ ಹತ್ತಿದಳು.

ಆ ಒಲೆಯ ಹೊಗೆಯೇ ನಿನ್ನ ಗಂಡನನ್ನು ಕೊಂದದ್ದು, ತಮ್ಮನನ್ನು ಅಲ್ಲಿ ಮಲಗಿಸಬೇಡ ಎಂದು ಇಯೊರ್ಗು ಅವಳಿಗೆ ಹೇಳಲೇ ಇಲ್ಲ.