ಎತ್ತರದವನು ಕೆಳಗೆ

ಬೆನ್ನುನೋವು ಅಂದರೆ ಸಾಕು, ದಾರಿಯಲ್ಲಿ ಹೋಗುವವನೂ ಡಾಕ್ಟರಾಗುತ್ತಾನೆ. ನೆಲದ ಮೇಲೆ ಮಲಗಿ ಅಂದವರುಂಟು, ನೆಲದ ಮೇಲೆ ಮಾತ್ರ ಮಲಗಬೇಡಿ ಅಂದವರೂ ಉಂಟು. ಕೆಳಗಿನ ಮನೆಯಾಕೆ ಬಿಸಿನೀರಿನ ಚೀಲ ಇಡಿ ಅಂದಳು. ಅವಳ ಗಂಡ ಐಸ್ ಇಡಿ ಅಂದ. ಆಮೇಲೆ ಇಬ್ಬರೂ ನಮ್ಮ ಬಾಗಿಲಲ್ಲೇ ಜಗಳಕ್ಕೆ ನಿಂತರು. ನಾನು ಕುತ್ತಿಗೆಗೆ ಕಾಲರ್ ಕಟ್ಟಿಕೊಂಡು, ತಲೆ ತಿರುಗಿಸಲಾಗದೆ, ಇಡೀ ಮೈಯನ್ನೇ ಒಮ್ಮೆ ಅವಳ ಕಡೆ ಒಮ್ಮೆ ಅವನ ಕಡೆ ತಿರುಗಿಸುತ್ತ ಕೇಳಿಸಿಕೊಂಡೆ.

ಡಾಕ್ಟರು ಹೇಳಿದ್ದು ಇಷ್ಟೇ. ಬೆನ್ನಿನ ಮೂಳೆಗಳ ನಡುವೆ ಮೆತ್ತನೆಯ ಬಿಲ್ಲೆಗಳಿರುತ್ತವಂತೆ. ನನ್ನ ಕುತ್ತಿಗೆಯಲ್ಲಿ ಒಂದು, ಸೊಂಟದಲ್ಲಿ ಒಂದು ಉಬ್ಬಿ ಹೊರಗೆ ಬಂದು ನರ ಒತ್ತುತ್ತಿವೆ. ಬಲಗೈ ಹೆಬ್ಬೆರಳು ಮರಗಟ್ಟಿರುವುದು ಅದಕ್ಕೇ, ಎಡಗಾಲು ಪಾದದವರೆಗೆ ಸೆಳೆಯುವುದೂ ಅದಕ್ಕೇ. ಭಾರ ಎತ್ತುವುದು ಇನ್ನು ಬಂದ್, ಮೆಟ್ಟಿಲು ಆದಷ್ಟು ಕಡಿಮೆ. ನನಗೆ ನಲವತ್ತಾರು. ನನ್ನ ಕೆಲಸ ಒಬ್ಬರ ಮನೆ ಸಾಮಾನನ್ನು ಇನ್ನೊಂದು ಮನೆಗೆ ಸಾಗಿಸುವುದು. ನಾನಿರುವುದು ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ.

ಈ ನೋವಿನ ಜೊತೆ ಸಂಸಾರ ಮಾಡುವುದನ್ನು ಕಲಿಯಬೇಕಾಯಿತು. ಏಳುವಾಗ ನೇರ ಏಳುವಂತಿಲ್ಲ. ಮಗ್ಗುಲಾಗಿ, ಕಾಲು ಕೆಳಗೆ ಬಿಟ್ಟು, ಕೈ ಊರಿ ಏಳಬೇಕು. ಕುತ್ತಿಗೆ ಕೆಳಗೆ ದಿಂಬಲ್ಲ, ಸುರುಳಿ ಸುತ್ತಿದ ಟವೆಲ್. ಸೀನು ಬರುತ್ತದೆ ಅನ್ನಿಸಿದರೆ ಮೊದಲು ಗೋಡೆ ಹಿಡಿಯಬೇಕು. ಅಂಗಿಯ ಗುಂಡಿ ಹೆಬ್ಬೆರಳಿಗೆ ಸಿಗುವುದಿಲ್ಲ, ಹೆಂಡತಿಯೇ ಹಾಕುತ್ತಾಳೆ. ಇಬ್ಬರು ಹೊರುವ ಫ್ರಿಜ್ಜನ್ನು ಒಬ್ಬನೇ ಸರಿಸುತ್ತಿದ್ದವನು ಸಾಕ್ಸ್ ಹಾಕಿಸಿಕೊಳ್ಳಲು ಕಾಲು ಚಾಚಿ ಕೂತಾಗ ನಾಚಿಕೆಯಾಗುತ್ತದೆ, ಸಿಟ್ಟೂ ಬರುತ್ತದೆ. ಆ ಸಿಟ್ಟನ್ನು ಅವಳ ಮೇಲೇ ತೀರಿಸಿಕೊಳ್ಳುತ್ತೇನೆ. ಹತ್ತಿರ ಸಿಗುವವಳು ಅವಳೊಬ್ಬಳೇ.

ಅವಳ ಅಣ್ಣ, ಅಂದರೆ ನನ್ನ ಭಾವ, ಈ ಕೆಲಸದ ಯಜಮಾನ. ಎದುರಿಗೆ ಈಗಲೂ 'ನೀವು' ಅನ್ನುತ್ತೇನೆ, ಇಲ್ಲಿ ಹೇಳುವಾಗ ಬಹುವಚನ ಬಾಯಿಗೆ ಬರುತ್ತಿಲ್ಲ. ಮದುವೆಯಾದ ವರ್ಷವೇ ನನ್ನನ್ನು ಕೆಲಸಕ್ಕೆ ಹಚ್ಚಿದ. ನನ್ನ ಎತ್ತರ ನೋಡಿ 'ಕೊಕ್ಕರೆ' ಎಂದು ಹೆಸರಿಟ್ಟವನೂ ಅವನೇ. ಅವನು ಗಿಡ್ಡ, ಗಟ್ಟಿ ಆಳು. ಮೊದಲ ದಿನವೇ ಮೆಟ್ಟಿಲ ಬುಡದಲ್ಲಿ ನಿಂತು ಪಾಠ ಹೇಳಿದ್ದ:

"ನೋಡು ಕೊಕ್ಕರೆ, ಮೆಟ್ಟಿಲ ಮೇಲೆ ಯಾವತ್ತೂ ಎತ್ತರದವನು ಕೆಳಗೆ, ಗಿಡ್ಡ ಮೇಲೆ. ಆಗ ಸಾಮಾನು ಸಮ ಇರುತ್ತೆ. ಇದು ನಮ್ಮ ಕೆಲಸದ ಕಾನೂನು."

ಇಪ್ಪತ್ತೆರಡು ವರ್ಷ ಆ ಕಾನೂನು ನಡೆಯಿತು. ಬೀರು, ಮಂಚ, ಬಟ್ಟೆ ಒಗೆಯುವ ಮಷಿನ್, ಏನೇ ಇರಲಿ, ಅಗಲವಾದ ಪಟ್ಟಿಯನ್ನು ಕುತ್ತಿಗೆ ಹಿಂದಿನಿಂದ ಹೆಗಲ ಮೇಲೆ ಹಾಕಿಕೊಂಡು ಕೆಳಗಿನ ತುದಿ ನಾನು ಹಿಡಿಯುತ್ತಿದ್ದೆ. ಮೇಲಿನ ತುದಿ ಅವನದು. ನರಳುವುದೂ ಅವನದೇ. 'ಉಸ್ಸಪ್ಪಾ, ಅಯ್ಯಪ್ಪಾ' ಎಂದು ಅವನು ಮೂರು ಮನೆಗೆ ಕೇಳುವ ಹಾಗೆ ಕೂಗುತ್ತಿದ್ದರೆ, ಪಾಪ, ಭಾವನಿಗೆ ನನಗಿಂತ ಹೆಚ್ಚು ಕಷ್ಟ ಅಂದುಕೊಳ್ಳುತ್ತಿದ್ದೆ. ನನ್ನ ಮಂಡಿ ನಡುಗಿದಾಗೆಲ್ಲ ಮೇಲಿನಿಂದ ಅವನದೊಂದೇ ಮಾತು: "ಬಿಡಬೇಡ, ಬಿಡಬೇಡ, ಇನ್ನೊಂದೇ ಮೆಟ್ಟಿಲು!" ಏಳಿದ್ದರೂ ಒಂದೇ, ಹನ್ನೆರಡಿದ್ದರೂ ಒಂದೇ. ಅದೊಂದು ತಮಾಷೆ ಎಂದು ನಾನೂ ನಗುತ್ತಿದ್ದೆ.

ಹತ್ತು ವರ್ಷದ ಹಿಂದೆ ಮೊದಲ ಸಲ ಸೊಂಟ ಹಿಡಿದಾಗ ಕೇಳಿದ್ದೆ, "ಭಾವ, ಒಂದು ವಾರ ನಾನು ಮೇಲೆ ಹಿಡೀಲಾ?"

"ನೀನು ಮೇಲೆ ನಿಂತ್ರೆ ಸಾಮಾನು ನನ್ನ ತಲೆ ಮೇಲೆ ಮಗುಚುತ್ತೆ ಕಣೋ," ಎಂದು ನಕ್ಕಿದ್ದ. ನಾನು ಮತ್ತೆ ಕೇಳಲಿಲ್ಲ.

ವ್ಯಾಯಾಮ ಹೇಳಿಕೊಡುವ ಹೆಣ್ಣುಮಗಳ ಹತ್ತಿರ ಡಾಕ್ಟರು ಕಳಿಸಿದ್ದರು. ನನಗೆ ಮಗಳಾಗಬಹುದಾದ ವಯಸ್ಸಿನವಳು, ಆದರೆ ಮಾತು ಬೆತ್ತದ ಹಾಗೆ. ಮೂರನೇ ದಿನ ಕೇಳಿದಳು, "ಮೆಟ್ಟಿಲ ಮೇಲೆ ನೀವು ಯಾವ ಕಡೆ ಇರ್ತಿದ್ರಿ?"

"ಕೆಳಗೆ."

"ಯಾವಾಗ್ಲೂನಾ?"

"ಯಾವಾಗ್ಲೂ. ಎತ್ತರದವನು ಕೆಳಗೆ ಅಲ್ವಾ?"

ಅವಳು ಎದ್ದಳು. ಮೂಲೆಯಲ್ಲಿದ್ದ ಉದ್ದನೆಯ ರಟ್ಟಿನ ಪೆಟ್ಟಿಗೆಯೊಳಗೆ ಒಂದೆರಡು ನೀರಿನ ಬಾಟಲಿ ಹಾಕಿ, ನನ್ನನ್ನು ಕಾಲುಮಣೆಯ ಮೇಲೆ ನಿಲ್ಲಿಸಿ, ಮೇಲಿನ ತುದಿಯನ್ನು ನನ್ನ ಕೈಗೆ ಕೊಟ್ಟಳು. ತಾನು ಕೆಳಗೆ ನಿಂತು ತನ್ನ ತುದಿ ಎತ್ತಿದಳು. ಒಳಗೆ ಬಾಟಲಿಗಳು ಗಡಗಡ ಉರುಳಿ ಅವಳ ಕಡೆ ಹೋದವು. ನನ್ನ ಕೈಯಲ್ಲಿ ಹೆಚ್ಚೇನೂ ಉಳಿಯಲಿಲ್ಲ. ಬೀಳದ ಹಾಗೆ ಹಿಡಿದುಕೊಂಡಿದ್ದೆ, ಅಷ್ಟೆ. ಸಾಮಾನಿನ ಮೇಲಿನ ತುದಿಯಲ್ಲಿ ನಾನು ನಿಂತದ್ದು ಜೀವನದಲ್ಲಿ ಅದೇ ಮೊದಲು.

"ಎತ್ತರದವರು ಕೆಳಗಿದ್ರೆ ಸ್ವಲ್ಪ ಸಮ ಇರುತ್ತೆ, ಅದು ನಿಜ," ಅಂದಳು. "ಆದ್ರೂ ಹೆಚ್ಚಿನ ಭಾರ ಕೆಳಗಿನವರಿಗೇ. ಅದಕ್ಕೇ ಆಗಾಗ ಜಾಗ ಬದಲಾಯಿಸ್ಬೇಕು. ನಿಮಗೆ ಯಾರೂ ಹೇಳಿರಲಿಲ್ವಾ?"

ಕೆಳಗೆ ಭಾರ ಇರುತ್ತದೆಂದು ನನಗೇನು ಗೊತ್ತಿರಲಿಲ್ಲವೇ? ಇತ್ತು. ಆದರೆ ಮೇಲೂ ಅಷ್ಟೇ ಇರಬೇಕು ಅಂದುಕೊಂಡಿದ್ದೆ. ಆ ನರಳಾಟ ಕೇಳಿದ ಯಾರಾದರೂ ಹಾಗೇ ಅಂದುಕೊಳ್ಳುತ್ತಿದ್ದರು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ನನ್ನ ಅಂಗಿ ಬಿಚ್ಚುತ್ತಿದ್ದವಳು ಗುಂಡಿ ಅರ್ಧಕ್ಕೇ ಬಿಟ್ಟಳು.

"ಸುಮ್ನೆ ಅಣ್ಣನ ಮೇಲೆ ಗೂಬೆ ಕೂರಿಸ್ಬೇಡಿ ರೀ. ಅವನೇನು ಡಾಕ್ಟರಾ? ಅವನಿಗೂ ಗೊತ್ತಿರಲಿಲ್ಲ ಅಷ್ಟೆ. ಗೊತ್ತಿದ್ದೂ ಗೊತ್ತಿದ್ದೂ ತಂಗಿ ಗಂಡನ ಬೆನ್ನು ಮುರಿಯೋ ಅಣ್ಣ ಎಲ್ಲಾದ್ರೂ ಇರ್ತಾನಾ?"

"ಮೂವತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದ್ದಾನೆ ಕಣೆ."

"ನೀವೂ ಇಪ್ಪತ್ತೆರಡು ವರ್ಷ ಮಾಡಿದ್ರಿ. ನಿಮಗೆ ಗೊತ್ತಾಯ್ತಾ?"

ಆವತ್ತಿನಿಂದ ಒಂದೇ ಒಂದು ಪ್ರಶ್ನೆ ನರದ ಜೊತೆ ಸೇರಿಕೊಂಡು ನನ್ನನ್ನು ಹಿಂಡತೊಡಗಿತು. ಅವನಿಗೆ ಗೊತ್ತಿತ್ತೇ, ಇಲ್ಲವೇ? ಗೊತ್ತಿರದಿದ್ದರೆ ನಾವಿಬ್ಬರೂ ದಡ್ಡರು, ಸರಿ, ದಡ್ಡತನವನ್ನು ಕ್ಷಮಿಸಬಹುದು. ಗೊತ್ತಿದ್ದರೆ ಇಪ್ಪತ್ತೆರಡು ವರ್ಷ ನಾನು ಅವನಿಗೆ ಭಾವಮೈದನಲ್ಲ, ಗಾಣದ ಎತ್ತು. ಎದುರಾ ಎದುರು ಕೇಳಿಬಿಡೋಣವೆಂದರೆ, ಕೇಳಿದವರಿಗೆಲ್ಲ ನಿಜ ಹೇಳುವ ಆಸಾಮಿಯಲ್ಲ ಅವನು. ಕೇಳಿದರೆ ಹೆಂಡತಿಯೂ ನನ್ನನ್ನು ಸುಮ್ಮನೆ ಬಿಡುತ್ತಿರಲಿಲ್ಲ.

ಮೆಟ್ಟಿಲು ಬೇಡವೆಂದು ಪಕ್ಕದ ಬೀದಿಯಲ್ಲಿ ನೆಲಮಹಡಿಯ ಮನೆ ಹಿಡಿದೆವು. ಸಾಮಾನು ಸಾಗಿಸಲು ಭಾವನೇ ಬಂದ, ಜೊತೆಗೆ ತನ್ನ ಮಗನನ್ನು ಕರೆತಂದ. ಹುಡುಗ ಹೋದ ತಿಂಗಳಷ್ಟೇ ಕೆಲಸಕ್ಕೆ ಸೇರಿದವನು. ತಾಯಿಯ ಕಡೆಯ ಎತ್ತರ ಬಂದಿದೆ, ನನಗಿಂತ ಎರಡು ಬೆರಳು ಹೆಚ್ಚೇ. ಬಂದವನೇ, "ಮಾವ, ನೀವು ಕೂತ್ಕೊಂಡು ಹೇಳಿ ಸಾಕು, ನಾವು ಮಾಡ್ತೀವಿ," ಅಂದ. ಒಳ್ಳೆಯ ಹುಡುಗ.

ಬಾಗಿಲ ಹೊರಗೆ, ಮೆಟ್ಟಿಲು ಇಳಿಯುವ ಜಾಗಕ್ಕೆ ನೇರವಾಗಿ ನನ್ನ ಕುರ್ಚಿ ಹಾಕಿದರು. ಕುತ್ತಿಗೆ ತಿರುಗಿಸದೆಯೇ ನಡುವಿನ ತಿರುವಿನವರೆಗೆ ಕಾಣುತ್ತಿತ್ತು. ಪೆಟ್ಟಿಗೆ, ಮೇಜು, ಪಾತ್ರೆಯ ಮೂಟೆಗಳನ್ನು ಒಬ್ಬೊಬ್ಬರೇ ಇಳಿಸಿದರು. ಕೊನೆಗೆ ಉಳಿದದ್ದು ಮರದ ದೊಡ್ಡ ಬೀರು. ನಮ್ಮ ಮದುವೆಗೆ ಭಾವನೇ ಕೊಟ್ಟದ್ದು. ಮೂರು ಮಹಡಿ ಅದನ್ನು ಹತ್ತಿಸಿದಾಗ ಕೆಳಗಿನ ತುದಿ ಯಾರದಿತ್ತೆಂದು ಹೇಳಬೇಕಾಗಿಲ್ಲ.

ಬೀರುವನ್ನು ಮೆಟ್ಟಿಲ ಅಂಚಿಗೆ ತಂದು ಮಲಗಿಸಿದರು. ಹುಡುಗ ಪಟ್ಟಿ ಕುತ್ತಿಗೆಗೆ ಹಾಕಿಕೊಂಡು ಎರಡು ಮೆಟ್ಟಿಲು ಇಳಿದು ನಿಂತ.

"ಏಯ್, ಮೇಲೆ ಬಾ," ಅಂದ ಭಾವ.

"ನಾನೇ ಉದ್ದ ಅಲ್ವಾ ಅಪ್ಪ, ನಾನು ಕೆಳಗೆ ಹಿಡೀತೀನಿ."

"ಹೇಳಿದಷ್ಟು ಮಾಡು. ಭಾರ ಎಲ್ಲ ಬರೋದು ಕೆಳಗಿನವನ ಮೇಲೆ. ಈ ವಯಸ್ಸಿಗೇ ಸೊಂಟ ಮುರ್ಕೊಂಡ್ರೆ ಮುಂದೆ ಏನ್ಮಾಡ್ತೀಯ? ಕೊಡು ಪಟ್ಟಿ."

ಕೆಳಗಿಳಿದು ಹುಡುಗನ ಕುತ್ತಿಗೆಯಿಂದ ಪಟ್ಟಿ ತೆಗೆದು ತನ್ನ ಕುತ್ತಿಗೆಗೆ ಹಾಕಿಕೊಂಡು, ಅವನನ್ನು ಮೇಲೆ ಕಳಿಸಿದ. ಬಗ್ಗಿ ಬೀರುವಿನ ಬುಡಕ್ಕೆ ಕೈ ಕೊಟ್ಟ ಮೇಲೇ ಅವನಿಗೆ ನಾನು ಅಲ್ಲಿರುವುದು ನೆನಪಾದದ್ದು. ತಲೆ ಎತ್ತಿ ನೋಡಿದ. ಹುಡುಗನ ಹೆಗಲ ಪಕ್ಕದಿಂದ ಅವನ ಮುಖ ನನಗೆ ಪೂರ್ತಿ ಕಾಣುತ್ತಿತ್ತು. ಇಷ್ಟು ದಿನ ನಾನು ಹುಡುಕುತ್ತಿದ್ದ ಉತ್ತರ ಅದರಲ್ಲೇ ಇತ್ತು.

ಸಿಟ್ಟು ಬರಬೇಕಿತ್ತು. ಮೊದಲು ಬಂದದ್ದು ಸಿಟ್ಟಲ್ಲ, ಹೊಟ್ಟೆಕಿಚ್ಚು. ಕೆಳಗಿನ ತುದಿಯಿಂದ ತನ್ನನ್ನು ಎಬ್ಬಿಸಿ ಕಳಿಸುವವರು ಆ ಹುಡುಗನಿಗೆ ಇದ್ದಾರಲ್ಲ ಎಂದು ಹೊಟ್ಟೆ ಉರಿಯಿತು.

ಹೆಂಡತಿ ಗಾಜಿನ ಲೋಟಗಳ ಬುಟ್ಟಿ ಹಿಡಿದು ನನ್ನ ಹಿಂದೆಯೇ ನಿಂತಿದ್ದಳು. ತಿರುಗಿ ಅವಳ ಮುಖ ನೋಡಲು ನನ್ನಿಂದಾಗಲಿಲ್ಲ, ದನಿ ಮಾತ್ರ ಕೇಳಿತು.

"ನಿನ್ನ ಹತ್ರ ಬಂದಾಗ ಇವರಿಗೆ ಇಪ್ಪತ್ನಾಲ್ಕು ವರ್ಷ ಅಣ್ಣ. ನಿನ್ನ ಮಗನಿಗೀಗ ಇಪ್ಪತ್ತಾರು."

ಭಾವ ಪಟ್ಟಿ ಬಿಗಿದುಕೊಂಡ. "ಎತ್ತು," ಎಂದ ಮಗನಿಗೆ. ಬೀರು ಎದ್ದಿತು. ಐವತ್ತೆಂಟರ ಮನುಷ್ಯ ಹಿಂದೆ ಹಿಂದೆ ಹೆಜ್ಜೆ ಇಡುತ್ತ ಒಂದು ಮೆಟ್ಟಿಲು ಇಳಿದ, ಇನ್ನೊಂದು ಇಳಿದ. ಮೂರನೆಯದರಲ್ಲಿ ಅವನ ಮಂಡಿ ನಡುಗಿತು. ಪಟ್ಟಿ ಅವನ ಕುತ್ತಿಗೆಯ ಮಾಂಸದೊಳಗೆ ಹೂತುಹೋಗಿತ್ತು. ಬಾಯಿ ತೆರೆದಿತ್ತು, ಆದರೆ ಉಸ್ಸಪ್ಪಾ ಇಲ್ಲ, ಅಯ್ಯಪ್ಪಾ ಇಲ್ಲ. ಕೆಳಗಿನ ತುದಿಯಲ್ಲಿ ಉಸಿರಿಗೇ ಜಾಗವಿರುವುದಿಲ್ಲ, ನರಳುವುದೆಲ್ಲಿಂದ ಬಂತು? ಅದು ನನಗೆ ಗೊತ್ತು.

"ಅಪ್ಪ, ಇಳಿಸೋಣ್ವಾ?" ಹುಡುಗ ಗಾಬರಿಯಾದ.

ಭಾವನ ಕಣ್ಣು ನನ್ನ ಮೇಲೇ ಇತ್ತು. ಇಳಿಸಿ ಎಂದು ನಾನು ಒಂದು ಮಾತು ಹೇಳಬಹುದಿತ್ತು. ಕಾಲರಿನ ಮೇಲೆ ಗಲ್ಲ ಊರಿ, ಮರಗಟ್ಟಿದ ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ಉಜ್ಜುತ್ತ ಕೂತೆ.

"ಬಿಡಬೇಡಿ ಭಾವ, ಬಿಡಬೇಡಿ," ಅಂದೆ. "ಇನ್ನೊಂದೇ ಮೆಟ್ಟಿಲು."

ತಿರುವಿನವರೆಗೇ ಇನ್ನೂ ಒಂಬತ್ತಿದ್ದವು.