ಗೆರೆಯ ಕೆಳಗಿನ ಜಾಗ

ನಾನು ಒಂದು ಗ್ರಾಫ್ ಹಲಗೆ. ಬರೀ ಕರಿಹಲಗೆ ಎಂದರೆ ಮೈಯೆಲ್ಲ ಉರಿಯುತ್ತದೆ. ಗದಗಿನ ಬಡಗಿಯೊಬ್ಬ ನನ್ನನ್ನು ಕೊಯ್ದು, ಕಪ್ಪು ಬಳಿದು, ದಾರ ಹಿಡಿದು ಬಿಳಿ ಚೌಕಗಳನ್ನು ಎಳೆದ. ಒಂದೂ ಸೊಟ್ಟಗಾಗಲಿಲ್ಲ. ಮೊದಲು ಇದ್ದ ಹೈಸ್ಕೂಲಿನಲ್ಲಿ ಆ ಚೌಕಗಳ ಮೇಲೆ ಕಸ ಗುಡಿಸುವವರ ಸರದಿ ಬರೆದರು! ಅಲ್ಲಿಂದ ಒಂದು ಪಿಯು ಕಾಲೇಜಿಗೆ ಬಂದೆ.

ಅಲ್ಲಿ ಗಣಿತಕ್ಕೆ ಮುಳಗುಂದ ಸರ್. ಅನುಕಲನದ, ಅಂದರೆ ಇಂಟಿಗ್ರೇಶನ್ನಿನ, ಗುಣಗಳನ್ನು ಮಂತ್ರದಂತೆ ಒದರುತ್ತಿದ್ದರು. ತುಂಡು ಮಾಡಿ ಕೂಡಿಸಿದರೂ ಬೆಲೆ ಅದೇ, ಮಿತಿಗಳನ್ನು ಅದಲುಬದಲು ಮಾಡಿದರೆ ಚಿಹ್ನೆ ಬದಲು. ಅದರಲ್ಲಿ ತಪ್ಪಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ ಮಾತ್ರ ಮೂಗಿನ ತುದಿಯಲ್ಲೇ ಸಿಟ್ಟು.

ಒಂದು ದಿನ ನನ್ನ ಮೇಲೆ ಅಡ್ಡ ಅಕ್ಷವನ್ನು ನಡುವೆ ದಾಟುವ ಓರೆ ಗೆರೆ ಎಳೆದು, ಎರಡೂ ತುದಿಗಳನ್ನು ನೆಟ್ಟನೆಯ ಗೆರೆಗಳಿಂದ ಅಕ್ಷಕ್ಕೆ ಜೋಡಿಸಿದರು. ಅಕ್ಷದ ಮೇಲೊಂದು ತ್ರಿಕೋನ, ಕೆಳಗೆ ಅಷ್ಟೇ ದೊಡ್ಡದು ಇನ್ನೊಂದು. ಒಟ್ಟು ವಿಸ್ತೀರ್ಣ ಎಷ್ಟು ಎಂದು ಕೇಳಿ, ಕೆಳಗಿನದು ಮೈನಸ್ ಎಂದು ಮೇಲಿನದರಿಂದ ಕಳೆದು, ತಾವೇ ಸೊನ್ನೆ ಎಂದು ಬರೆದರು.

ದಾಕ್ಷಾಯಣಿ ಎದ್ದಳು. ಮುಂದೆ ಗಣಿತವನ್ನೇ ಓದುತ್ತೇನೆಂದು ಗೆಳತಿಯರಿಗೆಲ್ಲ ಹೇಳಿಕೊಂಡಿದ್ದ ಹುಡುಗಿ.

"ಸರ್, ಇಂಟಿಗ್ರೇಶನ್ ಸೊನ್ನಿ ಖರೆ. ವಿಸ್ತೀರ್ಣ ಹೆಂಗ್ ಸೊನ್ನಿ ಆಗ್ತದ್ರೀ? ಗೆರಿ ಕೆಳಗಿಂದೂ ಜಾಗಾನ ಅಲ್ಲೇನ್ರಿ? ಚೌಕ ಎಣಿಸ್ರಿ, ಮ್ಯಾಲ ಎಂಟು, ಕೆಳಗ ಎಂಟು."

"ನನಗ ಕಲಿಸಾಕ ಬಂದಿಯೇನ? ಗಣಿತ ನಿನ್ನ ತಲಿಗೆ ಹತ್ತಂಗಿಲ್ಲ. ಆರ್ಟ್ಸಿಗೆ ಹೋಗು!"

ತರಗತಿ ಗೊಳ್ಳೆಂದು ನಕ್ಕಿತು. ಆ ನಗು ನೆನೆದರೆ ಈಗಲೂ ನನ್ನ ರಕ್ತ ಕುದಿಯುತ್ತದೆ, ರಕ್ತವಿಲ್ಲದಿದ್ದರೂ. ಆ ವಾರವೇ ಅವಳು ವಿಜ್ಞಾನ ಬಿಟ್ಟು ಆರ್ಟ್ಸಿಗೆ ಸೇರಿದಳು.

ಅಷ್ಟೇ ಆಗಿದ್ದರೆ ದಡ್ಡತನ ಎಂದು ಬಿಡುತ್ತಿದ್ದೆ. ಆದರೆ ಅವತ್ತು ತರಗತಿ ಖಾಲಿಯಾದ ಮೇಲೆ ಸರ್ ನನ್ನ ಮುಂದೆ ನಿಂತು, ಬೆರಳಿಟ್ಟು ಚೌಕ ಎಣಿಸಿದರು. ಹದಿನಾರು ಬಂತು. ಮತ್ತೆ ಎಣಿಸಿದರು, ಮತ್ತೆ ಹದಿನಾರು. ಡಸ್ಟರ್ ತೆಗೆದುಕೊಂಡು ಎಲ್ಲವನ್ನೂ ಒರೆಸಿ ಹೊರಟುಹೋದರು. ಆರ್ಟ್ಸ್ ತರಗತಿ ಪಕ್ಕದ ಕೋಣೆಯೇ. ಹಾಜರಿ ಕೂಗುವಾಗ ಅವಳ ದನಿ ಗೋಡೆ ದಾಟಿ ಬರುತ್ತಿತ್ತು. ಸರ್ ಒಂದು ಕ್ಷಣ ಸೀಮೆಸುಣ್ಣ ನಿಲ್ಲಿಸಿ, ಮತ್ತೆ ಬರೆಯುತ್ತಿದ್ದರು. ಹೇಡಿ!

ವರ್ಷಗಳು ಕಳೆದವು. ನನಗೆ ಗೆದ್ದಲು ಹಿಡಿಯಿತು, ಸೈಕಲ್ ಸ್ಟ್ಯಾಂಡಿನ ಮೂಲೆಗೆ ಎಸೆದರು. ಮೊನ್ನೆ ಸರ್ ನಿವೃತ್ತರಾದರು. ಕೊರಳಲ್ಲಿ ಹಾರದೊಂದಿಗೇ ಸ್ಕೂಟರ್ ತೆಗೆಯಲು ಬಂದವರು ನನ್ನನ್ನು ಕಂಡು ನಿಂತರು. ಧೂಳು ಒರೆಸಿ ಮೆಲ್ಲಗೆ ಅಂದರು: "ಆ ಹುಡುಗಿ ಹೇಳಿದ್ದ ಖರೆ ಇತ್ತು."

ನನಗ್ಯಾಕೆ ಹೇಳುತ್ತೀರಿ, ಸರ್? ನನಗೆ ಅವತ್ತೇ ಗೊತ್ತಿತ್ತು.