ಚರ್ಚಿನ ಅಂಗಳದಲ್ಲಿ ಕೊಡಗಳ ಪಾಳಿ

ಏಪ್ರಿಲ್ ಮೊದಲ ವಾರ ಬೈಲಹೊಂಗಲದ ಆ ಓಣಿಯಲ್ಲಿ ನಳದ ನೀರು ನಿಂತಿತು. ಎರಡನೆಯ ವಾರ ಓಣಿಯವರೆಲ್ಲ ಚರ್ಚಿನ ಬೋರ್‌ವೆಲ್ಲಿಗೆ ಬರತೊಡಗಿದರು. ಮೂರನೆಯ ವಾರ ಬೋರ್‌ವೆಲ್ ದಿನಕ್ಕೆ ಒಂದೇ ತಾಸು ನೀರು ಕೊಟ್ಟಿತು. ಆ ಭಾನುವಾರ, ನೆರೆಯವರನ್ನು ಪ್ರೀತಿಸಬೇಕೆಂಬ ಪಾದ್ರಿಯ ಪ್ರಸಂಗ ಮುಗಿದ ಮೇಲೆ, ಚರ್ಚಿನ ಸಭೆಯ ಹಿರಿಯರು ತೀರ್ಮಾನಿಸಿದರು: ಮೊದಲು ಸಭೆಯವರ ಕೊಡ, ಉಳಿದರೆ ಹೊರಗಿನವರದು. ಬೇರ್ಪಡಿಸುವ ಕೆಲಸ ಪಂಪ್ ನೋಡಿಕೊಳ್ಳುವ ಎಸ್ತರವ್ವನ ಹೆಗಲಿಗೆ ಬಿತ್ತು.

ಸೋಮವಾರ ಬೆಳಿಗ್ಗೆ ಜನ ರೂಢಿಯಂತೆ ಕೊಡಗಳನ್ನು ಸಾಲಾಗಿ ಪಾಳಿಗಿಟ್ಟು ಮನೆಗೆ ಹೋಗಿದ್ದರು. ಹಿಂದುಳಿದ ಕೊಡಕ್ಕೆ ನೀರಿಲ್ಲವೆಂದು ತಿಳಿದೂ ಎಸ್ತರವ್ವ ಹೊರಗಿನವಳಾದ ಬಾಯವ್ವನ ಹಸಿರು ಕೊಡವನ್ನು ಹಿಂದಕ್ಕಿಟ್ಟಳು.

"ಇಡ್ರಿ ಅಕ್ಕಾ, ಹಿಂದ ಇಡ್ರಿ," ಆಗಷ್ಟೇ ಗೇಟಿನ ಬಳಿ ಬಂದ ಬಾಯವ್ವ ನಕ್ಕಳು. "ನಿಮ್ಮ ಸಭಾದ ರಾಹೇಲಜ್ಜಿ ಇವತ್ತ ನೀರಡಿಸಿ ಕುಂದರ್ಲಿ. ಹಾಸಿಗಿ ಹಿಡದಾಕಿಗೆ ದಿನಾ ಆ ಕೊಡಾ ಒಯ್ಯಾಕಿ ನಾನ."

"ಹಂಗಾರ ಈ ಕೆಂಪ ಕೊಡಾ? ಇದು ನಮ್ಮ ಹಿರ್ಯಾರ ಮನೀದಲ್ಲ?" ಎಸ್ತರವ್ವ ಕೇಳಿದಳು.

"ಹೌದ್ರಿ. ನಮ್ಮ ಮನ್ಯಾಗ ಬಾಣಂತಿ ಅದಾಳಂತ ಅವರ ಹೆಂಡತಿ ದಿನಾ ತುಂಬಿ ಕಳಸ್ತಾರ. ಹಿರ್ಯಾರಿಗೆ ಹೇಳಬ್ಯಾಡ್ರಿ ಮತ್ತ!"

ಎಸ್ತರವ್ವ ಹಸಿರು ಕೊಡವನ್ನು ಮೊದಲಿದ್ದಲ್ಲಿಯೇ ಇಟ್ಟು, ನೀರು ನಿಲ್ಲುವವರೆಗೆ ಪಾಳಿಯ ಪ್ರಕಾರವೇ ಕೊಡಗಳನ್ನು ತುಂಬಿಸಿದಳು. ಸಂಜೆ ಹಿರಿಯರು ಕೇಳಿದಾಗ ಕುಳಿತಲ್ಲಿಂದಲೇ ಹೇಳಿದಳು: "ಈ ಓಣ್ಯಾಗ ಸಭಾದವರ ನೀರು, ಹೊರಗಿನವರ ನೀರು ಅಂತ ಬ್ಯಾರೆ ಮಾಡಾಕ ಬರೂದಿಲ್ರಿ."